ಎರಡನೇ ಗಂಟೆಯ ಸೀಟು

ಮಗು, ನಿನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದು ಕೇಳಿ ನಿಜವಾಗಿಯೂ ಖುಷಿಯಾಯಿತು. ಹೆಂಡತಿಯನ್ನು ಕೂರಿಸಿಕೊಂಡು ಬೈಕಿನಲ್ಲಿ ಕಾಶ್ಮೀರ ನೋಡಿ ಬರ್ತೀನಿ ಅನ್ನುವವನಿಗೆ ಬೇಡ ಅನ್ನುವ ದೊಡ್ಡಪ್ಪ ನಾನಲ್ಲ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ ಬೆಳೆದವರಿಗೆ ಆ ಆಸೆ ಬಾರದಿದ್ದರೇ ಆಶ್ಚರ್ಯ. ನಮ್ಮ ಕಾಲಕ್ಕೆ ಏಳನೇ ನಂಬರ್ ಹೈವೇ ಆಗಿದ್ದು ಈಗ 44 ಆಗಿರುವ ರಸ್ತೆ ಊರ ಪಕ್ಕದಲ್ಲೇ ಇದೆ. ದಕ್ಷಿಣಕ್ಕೆ ತಿರುಗಿದರೆ ಕೊನೆಗೆ ಕನ್ಯಾಕುಮಾರಿ. ಉತ್ತರಕ್ಕೆ, ಬಾಗೇಪಲ್ಲಿ ದಾಟಿ ಬಿಡದೆ ಹೋದರೆ ಶ್ರೀನಗರ.

ಟೈರು, ಬಾಕ್ಸು, ಹೆಲ್ಮೆಟ್ಟು, ಜಾಕೆಟ್ಟು ಅಂತ ಅರ್ಧ ಗಂಟೆ ಮಾತಾಡಿದೆ. ಸೀಟಿನ ವಿಷಯ ಬಂದಾಗ ಮಾತ್ರ 'ಶೋರೂಮಿನಲ್ಲಿ ಕೂತು ನೋಡಿದೆ ದೊಡ್ಡಪ್ಪ, ಮೆತ್ತಗಿದೆ' ಅಂದು ಮುಗಿಸಿಬಿಟ್ಟೆ. ಆ 'ಮೆತ್ತಗಿದೆ' ಕೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಯಾಕೆ ಅಂತ ಹೇಳ್ತೀನಿ.

1986ರಲ್ಲಿ ನನ್ನ ಹತ್ತಿರ ಯೆಜ್ಡಿ ಇತ್ತು. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲೇ ತಯಾರಾಗುತ್ತಿದ್ದ ಗಾಡಿ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅದರ ಸೀಟು ಉದ್ದಕ್ಕೆ, ಸಪಾಟಾಗಿ, ಸ್ವಲ್ಪ ಗಟ್ಟಿಯಾಗಿತ್ತು. ಗಟ್ಟಿ ಅನ್ನುವ ಒಂದೇ ಕಾರಣಕ್ಕೆ ಕುಶನ್ ಅಂಗಡಿಯಲ್ಲಿ ಬಿಚ್ಚಿಸಿ, ಸೋಫಾಕ್ಕೆ ಹಾಕುವ ಸ್ಪಂಜು ತುಂಬಿಸಿದೆ. ಕೂತರೆ ಹಾಸಿಗೆಯ ಹಾಗಿತ್ತು. ಅದೇ ವಾರ ನಿಮ್ಮ ದೊಡ್ಡಮ್ಮನನ್ನು ಕೂರಿಸಿಕೊಂಡು ಮಂತ್ರಾಲಯಕ್ಕೆ ಹೊರಟೆ. ಪೆನುಕೊಂಡದವರೆಗೆ ಚೆನ್ನಾಗಿಯೇ ಇತ್ತು. ಅನಂತಪುರ ಬರುವಷ್ಟರಲ್ಲಿ ಸ್ಪಂಜು ಚಪ್ಪಟೆಯಾಗಿ, ಕೆಳಗಿನ ತಗಡಿನ ಮೇಲೆ ಕೂತಂತಾಯಿತು. ನಾನಾದರೂ ಫುಟ್‌ರೆಸ್ಟ್ ಮೇಲೆ ಎದ್ದು ಎದ್ದು ಸುಧಾರಿಸಿಕೊಂಡೆ. ಒಂದೇ ಕಡೆಗೆ ಕಾಲು ಹಾಕಿಕೊಂಡು, ಸೀರೆಯಲ್ಲಿ ಕೂತವಳು ಹೇಗೆ ಎದ್ದಾಳು? ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಮಠದಲ್ಲಿ ಊಟದ ಪಂಕ್ತಿಯಲ್ಲಿ ನೆಲಕ್ಕೆ ಕೂರಲಾಗದೆ ಗೋಡೆ ಹಿಡಿದು ನಿಂತಳು. ಆಗ ಗೊತ್ತಾಯಿತು ನನಗೆ. ವಾಪಸು ಬರುವಾಗ ಅವಳನ್ನು ಬಸ್ಸು ಹತ್ತಿಸಿ ನಾನೊಬ್ಬನೇ ಬಂದೆ. ಆ ಮುನ್ನೂರು ಕಿಲೋಮೀಟರ್ ದಾರಿ ಇವತ್ತಿಗೂ ನನಗೆ ನೋವು ಕೊಡುತ್ತದೆ.

ಆಮೇಲೆ ನಿಧಾನವಾಗಿ ಅರ್ಥವಾಯಿತು. ಜಗಲಿಯ ಮೇಲೆ ಕೂತು ಅಂಗೈ ಅಡಿಗೆ ಇಟ್ಟುಕೊಂಡು ನೋಡು, ಎರಡು ಮೂಳೆ ಕೈಗೆ ಸಿಗುತ್ತವೆ. ಕೂತಾಗ ಮೈಭಾರ ಹೊರಬೇಕಾದವು ಅವು. ಸೀಟು ತೀರಾ ಮೆತ್ತಗಿದ್ದರೆ ಅವೆರಡೂ ಮುಳುಗಿ, ಭಾರವೆಲ್ಲ ಸುತ್ತಲಿನ ಮಾಂಸಖಂಡ, ನರ, ಬಾಲದ ಮೂಳೆಯ ಮೇಲೆ ಬೀಳುತ್ತದೆ. ಒತ್ತಿದ ಜಾಗಕ್ಕೆ ರಕ್ತ ಸರಿಯಾಗಿ ಓಡುವುದಿಲ್ಲ. ಮೊದಲು ಉರಿ, ಆಮೇಲೆ ಜೋಮು. ಇದೆಲ್ಲ ಐದು ನಿಮಿಷಕ್ಕೆ ಗೊತ್ತಾಗುವುದಿಲ್ಲ, ಎರಡನೇ ಗಂಟೆಗೆ ಗೊತ್ತಾಗುತ್ತದೆ. ಶೋರೂಮಿನಲ್ಲಿ ನಿನಗೆ ಎರಡನೇ ಗಂಟೆಯನ್ನು ಯಾರೂ ತೋರಿಸುವುದಿಲ್ಲ ಕಣಪ್ಪ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಚಿಕ್ಕವನಿದ್ದಾಗ ನನ್ನ ಜೊತೆ ಬಂದಿದ್ದೆ, ನೆನಪಿದೆಯಾ? ಹರಾಜು ಈಗ ಮೊಬೈಲಿಗೆ ಬಂದಿದೆ, ಆದರೂ ನೂಲು ತೆಗೆಯುವ ರೀಲರ್‌ಗಳು ಗೂಡನ್ನು ಬೆರಳಲ್ಲಿ ಒತ್ತಿ ನೋಡದೆ ಬೆಲೆ ಹಾಕುವುದಿಲ್ಲ. ಒತ್ತಿದರೆ ಸ್ವಲ್ಪ ಬಗ್ಗಿ, ಬೆರಳನ್ನು ಹಿಂದಕ್ಕೆ ತಳ್ಳುವ ಗೂಡಿನಲ್ಲಿ ನೂಲು ಚೆನ್ನಾಗಿರುತ್ತದೆ. ಒತ್ತಿದಷ್ಟೂ ಒಳಗೆ ಹೋಗುವುದನ್ನು ಯಾರೂ ಮುಟ್ಟುವುದಿಲ್ಲ. ಸೀಟನ್ನೂ ಹಾಗೇ ನೋಡು. ಮೊಣಕೈ ಊರಿ ಮೈಭಾರ ಹಾಕು. ಅಡಿಯ ಪ್ಲಾಸ್ಟಿಕ್ಕು ಮೊಣಕೈಗೆ ತಗುಲಿದರೆ ಆ ಫೋಮ್ ದೂರದ ದಾರಿಗೆ ಆಗಿಬರುವುದಿಲ್ಲ. ಕುಶನ್ ಅಂಗಡಿಯವರಿಗೆ ಹೈ ಡೆನ್ಸಿಟಿ ಫೋಮ್ ಅಂತ ಬಾಯಿಬಿಟ್ಟು ಕೇಳು. ಬೇಕಿದ್ದರೆ ಮೇಲೊಂದು ಬೆರಳು ದಪ್ಪದ ಮೆತ್ತನೆ ಪದರ ಇರಲಿ, ಅದಕ್ಕಿಂತ ಹೆಚ್ಚು ಬೇಡ.

ಸೀಟಿನ ಅಗಲ ಹಿಂದೆ ಇರಬೇಕು. ಕಾಲು ಇಳಿಬಿಡುವ ಕಡೆ ಕಿರಿದಾದಷ್ಟೂ ಒಳ್ಳೆಯದು. ಮುಂದಕ್ಕೆ ಇಳಿಜಾರಾಗಿದ್ದರೆ ಪ್ರತಿ ಬ್ರೇಕಿಗೂ ಟ್ಯಾಂಕಿನ ಕಡೆ ಜಾರುತ್ತೀಯ, ಅದನ್ನು ತಡೆಯುವುದರಲ್ಲೇ ಮಣಿಕಟ್ಟು ಸೋಲುತ್ತದೆ. ಕಾಲು ನೆಲ ಮುಟ್ಟಲಿ ಅಂತ ಫೋಮ್ ಕೊಯ್ಯಿಸಬೇಡ. ಸೀಟು ತಗ್ಗುತ್ತದೆ ನಿಜ, ಆದರೆ ಮೊಣಕಾಲು ಇನ್ನೂ ಮಡಚಿಕೊಳ್ಳುತ್ತದೆ, ಕೂರುವುದಕ್ಕೆ ಫೋಮೂ ಉಳಿಯುವುದಿಲ್ಲ. ಅಂದಕ್ಕೆ ಹಾಕುವ ಅಡ್ಡ ಹೊಲಿಗೆ ಆ ಎರಡು ಮೂಳೆಯ ಕೆಳಗೆ ಬರಬಾರದು: ಒತ್ತುವುದೂ ಅದೇ, ಮಳೆನೀರು ಒಳಗಿಳಿಯುವುದೂ ಅದೇ ತೂತುಗಳಿಂದ. ಕಪ್ಪು ರೆಕ್ಸಿನ್ ಏಪ್ರಿಲ್ ಬಿಸಿಲಿಗೆ ಕಾದ ಹೆಂಚಿನ ಹಾಗಾಗುತ್ತದೆ, ಕೆಳಗೆ ಜೆಲ್ ಇದ್ದರೆ ಅದೂ ಕಾಯುತ್ತದೆ. ಗಾಳಿಯಾಡುವ ಬಲೆ ಕವರು ಹಾಕಿಸು. ಗಾಳಿ ತುಂಬುವ ಕುಶನ್ ತಗೊಂಡರೆ ಬಿಗಿಯಾಗಿ ಊದಬೇಡ. ಕೂತ ಮೇಲೆ ಗಾಳಿ ಬಿಡುತ್ತಾ ಬಂದು, ಮೂಳೆ ತಳಕ್ಕೆ ತಾಗಲು ಇನ್ನೇನು ಸ್ವಲ್ಪವೇ ಇದೆ ಅನ್ನುವಾಗ ನಿಲ್ಲಿಸು.

ಸೀಟಿನ ತಪ್ಪು ಅಂದುಕೊಳ್ಳುವುದರಲ್ಲಿ ಅರ್ಧ ಸೀಟಿನದ್ದಲ್ಲ. ಹಿಂದಿನ ಜೇಬಿನ ಪರ್ಸು ತೆಗೆದಿಡು, ಅದರ ಮೇಲೆ ದಿನವಿಡೀ ಕೂತರೆ ಸೊಂಟ ಒಂದು ಕಡೆ ಎತ್ತರವಾಗಿ ಕಾಲಿಗೆ ಸೆಳೆತ ಇಳಿಯುತ್ತದೆ. ದಪ್ಪ ಹೊಲಿಗೆಯ ಜೀನ್ಸ್ ಬೇಡ. ಇಬ್ಬರು ಕೂತು ಲಗೇಜೂ ಹಾಕಿದ ಮೇಲೆ ಹಿಂದಿನ ಶಾಕ್‌ಅಬ್ಸಾರ್ಬರ್ ಒಂದೆರಡು ಹಲ್ಲು ಬಿಗಿ ಮಾಡಿಸು. ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡಿ, ನೀರು ಕುಡಿ. ಇಳಿದು ನಡೆದ ಮೇಲೂ ಜೋಮು ಬಿಡದಿದ್ದರೆ ಡಾಕ್ಟರಿಗೆ ತೋರಿಸು, ಮುಚ್ಚಿಡಬೇಡ.

ಇನ್ನು ಸೊಸೆಯ ವಿಷಯ. ಹೆಣ್ಣುಮಕ್ಕಳಿಗೆ ಆ ಎರಡು ಮೂಳೆಗಳ ನಡುವಿನ ಅಂತರ ಸಾಮಾನ್ಯವಾಗಿ ನಮಗಿಂತ ಜಾಸ್ತಿ. ಬೈಕಿನಲ್ಲಿ ಹಿಂದಿನ ಸೀಟೇ ಕಿರಿದು, ಎತ್ತರ, ತೆಳು. ಮುಂದಿನ ಗುಂಡಿ ನಿನಗೆ ಕಾಣುತ್ತದೆ, ಅವಳಿಗೆ ಕಾಣುವುದಿಲ್ಲ. ಹಿಂದಿನ ಚಕ್ರದ ಏಟು ನೇರ ಅವಳಿಗೇ ಬೀಳುತ್ತದೆ. ದುಡ್ಡು ಒಂದು ಸೀಟಿಗೆ ಸಾಲುವಷ್ಟೇ ಇದ್ದರೆ ಅವಳದನ್ನು ಮೊದಲು ಮಾಡಿಸು. ಹಿಡಿದುಕೊಳ್ಳಲು ಗಟ್ಟಿ ಹಿಡಿಯೂ, ಬೆನ್ನಿಗೆ ಒರಗೂ ಇರಲಿ.

ಶ್ರೀನಗರದ ಮಾತು ಆಮೇಲೆ. ಈ ಭಾನುವಾರ ಇಬ್ಬರೂ ಬೆಳಿಗ್ಗೆ ಹೊರಟು ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ ಹೋಗಿ. ಅಲ್ಲಿ ತಿಂಡಿ ತಿಂದು ವಾಪಸು ಚಿಕ್ಕಬಳ್ಳಾಪುರ, ಹಾಗೇ ಶಿಡ್ಲಘಟ್ಟ, ಚಿಂತಾಮಣಿ, ಮತ್ತೆ ಮನೆ. ಹೆಚ್ಚುಕಡಿಮೆ ನೂರೈವತ್ತು ಕಿಲೋಮೀಟರ್ ಆಗುತ್ತದೆ. ಹಂಪು, ಹಳ್ಳಿ, ಮಾರ್ಕೆಟ್ಟಿನ ನೂಕುನುಗ್ಗಲು, ನೇರ ರಸ್ತೆ, ಎಲ್ಲ ಸಿಗುತ್ತದೆ. ಎಷ್ಟು ಹೊತ್ತಿಗೆ ಎಲ್ಲಿ ನೋವು ಶುರುವಾಯಿತು ಅಂತ ಚೀಟಿಯಲ್ಲಿ ಬರೆದುಕೊಳ್ಳಿ, ಕುಶನ್ ಅಂಗಡಿಯವರಿಗೆ ಆ ಚೀಟಿಯೇ ಬೇಕಾಗಿರುವುದು. ಚಿಂತಾಮಣಿಯಲ್ಲಿ ಇಳಿದಾಗ ಅವಳನ್ನು ಕೇಳು. ಏನೂ ಇಲ್ಲ, ಚೆನ್ನಾಗಿದೆ ಅಂದರೆ, ಟೀ ಕುಡಿದಾದ ಮೇಲೆ ಇನ್ನೊಂದು ಸಲ ಕೇಳು.