ಉಕ್ಕುವ ನಕ್ಷತ್ರವನ್ನು ಕಾಯುವುದು



ಒಲೆ ಮೇಲಿಟ್ಟ ಹಾಲು ಎಷ್ಟೋ ಹೊತ್ತು ಸುಮ್ಮನಿದ್ದು ಒಂದೇ ಸಲಕ್ಕೆ ಉಕ್ಕುತ್ತದಲ್ಲ, ಆಕಾಶದಲ್ಲೂ ಹಾಗೆ ಉಕ್ಕುವ ನಕ್ಷತ್ರಗಳಿವೆ. ಅವಕ್ಕೆ ಕುಬ್ಜ ನೋವಾ ಎಂದು ಹೆಸರು. ನಾನು ಕಾಯುತ್ತಿರುವುದು ರಾಜಹಂಸ ನಕ್ಷತ್ರಪುಂಜದ ಎಸ್.ಎಸ್. ಸಿಗ್ನಿಯನ್ನು. ಇದನ್ನು 1896 ರಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಲೂಯಿಸಾ ವೆಲ್ಸ್ ಎಂಬ ಮಹಿಳೆ ಆಕಾಶದ ಫೋಟೋಗಳಲ್ಲಿ ಕಂಡುಹಿಡಿದರು.

ನಿಜವಾಗಿ ಅದು ಒಂದಲ್ಲ, ಎರಡು ನಕ್ಷತ್ರ. ಒಂದು ಶ್ವೇತ ಕುಬ್ಜ. ಗಾತ್ರ ಭೂಮಿಯಷ್ಟು, ತೂಕ ಮಾತ್ರ ಸೂರ್ಯನ ಹತ್ತಿರ ಹತ್ತಿರ! ಇನ್ನೊಂದು ಕಿತ್ತಳೆ ಬಣ್ಣದ ನಕ್ಷತ್ರ. ಸುಮಾರು 6.6 ಗಂಟೆಗೆ ಒಂದು ಸುತ್ತು ಹಾಕುತ್ತವೆ. ಕುಬ್ಜವು ಪಕ್ಕದ್ದರ ಅನಿಲವನ್ನು ಎಳೆದುಕೊಳ್ಳುತ್ತದೆ. ಅದು ಸೀದಾ ಬೀಳಲ್ಲ, ಸುತ್ತಲೂ ತಟ್ಟೆ ಹಾಗೆ ತಿರುಗುತ್ತಾ ಕೂಡಿಕೊಳ್ಳುತ್ತದೆ. ಮಿತಿ ದಾಟಿದಾಗ ತಟ್ಟೆ ಕಾದು, ಅನಿಲ ಬೇಗ ಬೇಗ ಒಳಕ್ಕೆ ಸುರಿಯುತ್ತದೆ. ಆಗ 12 ನೇ ಕಾಂತಿಮಾನದ ನಕ್ಷತ್ರ ಒಂದೆರಡು ದಿನದಲ್ಲೇ 8 ಕ್ಕೆ ಬರುತ್ತದೆ. ಅಂಕಿ ಕಡಿಮೆಯಾದಷ್ಟೂ ಬೆಳಕು ಜಾಸ್ತಿ, ನಮ್ಮ ರ‍್ಯಾಂಕಿನ ಹಾಗೆ. ಅಂದರೆ ಸುಮಾರು 40 ಪಟ್ಟು! ಸಾಮಾನ್ಯವಾಗಿ 50 ದಿನಕ್ಕೊಮ್ಮೆ ಉಕ್ಕುತ್ತದೆ, ಆದರೆ ಇಂಥದೇ ದಿನ ಅಂತ ಹೇಳೋಕಾಗಲ್ಲ. 2021 ರಲ್ಲಂತೂ ಅಭ್ಯಾಸ ಬಿಟ್ಟು ವಿಚಿತ್ರವಾಗಿ ಏರಿಳಿಯಿತಂತೆ.

ವಿಜ್ಞಾನದ ಮೇಷ್ಟ್ರು ಬೈನಾಕ್ಯುಲರ್ ಮತ್ತು ಒಂದು ನಕ್ಷೆ ಕೊಟ್ಟರು. ನಕ್ಷೆಯಲ್ಲಿ ಅಕ್ಕಪಕ್ಕದ ನಕ್ಷತ್ರಗಳ ಕಾಂತಿಮಾನ ಬರೆದಿದೆ. 85 ಅಂದರೆ 8.5. ಚುಕ್ಕಿ ಇಟ್ಟರೆ ಅದನ್ನೇ ನಕ್ಷತ್ರ ಅಂದುಕೊಂಡಾರು ಅಂತ ಇಟ್ಟಿಲ್ಲ! ನಮ್ಮ ಬೈನಾಕ್ಯುಲರಿಗೆ 12 ಕಾಣೋದೇ ಇಲ್ಲ. ಆದ್ದರಿಂದ ಸುಮ್ಮನಿರುವಾಗ ಆ ಜಾಗ ಖಾಲಿ.

ನಾಲ್ಕು ರಾತ್ರಿ ಕಣದಲ್ಲಿ ಮಲಗಿ ನೋಡಿದೆ. ಖಾಲಿ. ಕತ್ತು ನೋವು, ಸೊಳ್ಳೆ ಬೇರೆ. ತಂಗಿ "ಇಲ್ಲದ್ದನ್ನ ನೋಡ್ತಾನೆ" ಅಂತ ಓಣಿಗೆಲ್ಲ ಹೇಳಿಬಂದಳು. ಐದನೇ ರಾತ್ರಿ ನೋಟ್‌ಬುಕ್ಕಿನಲ್ಲಿ "ಕಂಡೆ, 8.5" ಅಂತ ಬರೆದುಬಿಟ್ಟೆ. ಮೇಷ್ಟ್ರು "ಯಾವ ನಕ್ಷತ್ರಕ್ಕೆ ಹೋಲಿಸಿದೆ?" ಅಂತ ಕೇಳಿದರು. ನನಗೆ ಬಾಯೇ ಬರಲಿಲ್ಲ. ಅವರು ಬೈಯಲಿಲ್ಲ. "ಹೊಡೆದುಹಾಕು, ಅಳಿಸಬೇಡ. ಕಾಣದಿದ್ದರೆ '8.5 ಕ್ಕಿಂತ ಮಂಕು' ಅಂತ ಬರಿ, ಅದೂ ವೀಕ್ಷಣೆಯೇ" ಅಂದರು. ನಿನ್ನೆ ಇರಲಿಲ್ಲ ಅಂತ ಯಾರಾದರೂ ಬರೆದಿದ್ದರೆ ತಾನೇ ಇವತ್ತು ಶುರುವಾಯ್ತು ಅಂತ ಗೊತ್ತಾಗೋದು?

ಇದರಿಂದ ದೊಡ್ಡ ಕೆಲಸವೇ ಆಗಿದೆ. 1999 ರಲ್ಲಿ ಹಬಲ್ ದೂರದರ್ಶಕದಿಂದ ಅಳೆದಾಗ ಇದರ ದೂರ 500 ಜ್ಯೋತಿರ್ವರ್ಷಕ್ಕಿಂತ ಹೆಚ್ಚು ಬಂತು. ಅಷ್ಟು ದೂರವಿದ್ದರೆ ಮೇಲೆ ಹೇಳಿದ ತಟ್ಟೆಯ ವಿವರಣೆ ಸರಿಹೊಂದುತ್ತಿರಲಿಲ್ಲ. ಆಮೇಲೆ ವಿಜ್ಞಾನಿಗಳು ರೇಡಿಯೋ ದೂರದರ್ಶಕಗಳಿಂದ ಅಳೆದರು. ಇದು ಉಕ್ಕಿದಾಗ ಮಾತ್ರ ರೇಡಿಯೋದಲ್ಲಿ ಚೆನ್ನಾಗಿ ಕಾಣುವುದರಿಂದ, "ಉಕ್ಕಿತು" ಅಂತ ಸುದ್ದಿ ಕೊಟ್ಟವರು ಹವ್ಯಾಸಿ ವೀಕ್ಷಕರು! 2013 ರಲ್ಲಿ ಪ್ರಕಟವಾದ ಉತ್ತರ ಸುಮಾರು 370 ಜ್ಯೋತಿರ್ವರ್ಷ. ತಟ್ಟೆಯ ವಿವರಣೆ ಉಳಿಯಿತು.

ಈಗ ನನ್ನ ನೋಟ್‌ಬುಕ್ಕಿನಲ್ಲಿ 11 ರಾತ್ರಿ ಇವೆ. 8 ಸಲ "ಮಂಕು", 2 ಸಲ ಮೋಡ, 1 ಗೀಟು ಹೊಡೆದದ್ದು. ನೋಡೋರು ಊಟ ಮುಗಿಸಿ 8 ಗಂಟೆಗೆ ನಮ್ಮ ಕಣಕ್ಕೆ ಬನ್ನಿ. ಉತ್ತರಕ್ಕೆ ಎತ್ತರದಲ್ಲಿ ಹಂಸದ ಬಾಲದ ದೊಡ್ಡ ನಕ್ಷತ್ರ ಡೆನೆಬ್ ಇರುತ್ತೆ, ಅಲ್ಲಿಂದ ಚಾಚಿದ ಕೈಯ ಒಂದು ಮುಷ್ಟಿಯಷ್ಟು ಪೂರ್ವಕ್ಕೆ. ಟಾರ್ಚಿಗೆ ಕೆಂಪು ಬಣ್ಣದ ಕಾಗದ ಸುತ್ತಿಕೊಂಡು ಬನ್ನಿ, ಇಲ್ಲಾಂದ್ರೆ ಕತ್ತಲಿಗೆ ಹೊಂದಿದ ಕಣ್ಣು ಕೆಡುತ್ತೆ.