ವಾಸಕ್ಕೆ ಹಿತವಾದ ಮನೆ

ಮನೆಯು ದೊಡ್ಡದಾಗಿದ್ದರೆ ಹಿತವಾಗಿರುವದೆಂದೂ, ಹಣವುಳ್ಳವರಿಗೆ ಮಾತ್ರ ಅಂಥ ಮನೆಯು ದೊರೆಯುವದೆಂದೂ ಅನೇಕರು ತಿಳಿದಿರುತ್ತಾರೆ. ಇದು ಸರಿಯಾದ ತಿಳುವಳಿಕೆಯಲ್ಲ. ಹತ್ತು ಅಂಕಣದ ಮನೆಯಿದ್ದೂ ಅದರಲ್ಲಿ ಕೂತುಕೊಳ್ಳಲು ಮನಸ್ಸು ಬಾರದವರುಂಟು. ಒಂದೇ ಅಂಕಣದ ಮನೆಗೆ ಹೊಲದಿಂದ ಆಶೆಪಟ್ಟು ತಿರುಗಿ ಬರುವವರೂ ಉಂಟು. ಹಾಗಾದರೆ ಮನೆಯನ್ನು ಹಿತವಾಗಿ ಮಾಡುವದು ಯಾವದು? ಇದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಅಳತೆ. ಪರರು ಬಂದು ಕೂತುಕೊಳ್ಳುವ ಪಡಸಾಲೆಯನ್ನು ನೋಡಿ ಮನೆಯನ್ನು ಅಳೆಯಬಾರದು. ಮನೆಯೊಳಗೆ ಹೆಚ್ಚು ಹೊತ್ತು ದುಡಿಯುವವರು ಯಾರೋ, ಅವರಿರುವ ಸ್ಥಳವನ್ನು ನೋಡಿ ಅಳೆಯಬೇಕು. ಪಡಸಾಲೆಯಲ್ಲಿ ಬಣ್ಣದ ಕುರ್ಚಿಗಳು, ಗೋಡೆಯಲ್ಲಿ ಟೀವಿ. ಒಳಗೆ ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ ತಾಯಿಯು ಕಣ್ಣೊರಸಿಕೊಳ್ಳುತ್ತಾ ಊದುಗೊಳವೆಯನ್ನು ಊದುತ್ತಿರುವಳು. ಇಂಥ ಮನೆಗಳನ್ನು ನಾವೆಲ್ಲರೂ ಕಂಡಿದ್ದೇವೆ. ಅದು ನೆಂಟರಿಗೆ ಹಿತವಾದೀತು; ಮನೆಯವರಿಗೆ ಹಿತವಾದದ್ದೆಂದು ಹೇಳಲಾಗದು.

2. ಹೊಗೆ. ಹೊಗೆಯು ಕಣ್ಣಿಗೆ ಮಾತ್ರ ಉರಿಯನ್ನು ತರುವದೆಂದು ನೆನಸಬೇಡಿರಿ. ಅದು ಶ್ವಾಸಕೋಶವನ್ನೂ ಹೃದಯವನ್ನೂ ಕೆಡಿಸುತ್ತದೆ. ಮನೆಯೊಳಗಿನ ಹೊಗೆಯಿಂದ 2020ನೇ ವರುಷದಲ್ಲಿ ಲೋಕದಲ್ಲೆಲ್ಲಾ ಸುಮಾರು 32 ಲಕ್ಷ ಜನರು ಸತ್ತರೆಂದೂ, ಅವರಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿ 5 ವರುಷದೊಳಗಿನ ಕೂಸುಗಳೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಲೆಕ್ಕಹಾಕಿದೆ. ಕೂಸುಗಳು ಯಾಕೆ? ಒಲೆಯ ಮುಂದೆ ತಾಯಿಯ ಮಡಿಲಲ್ಲಿರುವವರು ಅವರೇ ಅಲ್ಲವೇ?

2016ರಿಂದ ಸರಕಾರದ ಉಜ್ವಲಾ ಯೋಜನೆಯ ಮೂಲಕ ಬಡವರ ಮನೆಗಳಿಗೂ ಗ್ಯಾಸು ಬಂದದೆ. ಆದರೂ ಸ್ನಾನದ ನೀರಿಗೂ ರೊಟ್ಟಿಗೂ ಕಟ್ಟಿಗೆಯನ್ನೇ ಉರಿಸುವ ಮನೆಗಳು ಬಹಳ. ಅಂಥವರು ಹೊಗೆಗೊಳವೆಯುಳ್ಳ ಒಲೆಯನ್ನು ಹಾಕಿಸಿಕೊಳ್ಳಲಿ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ 'ಅಸ್ತ್ರ' ಎಂಬ ವಿಭಾಗದವರು ಹಳ್ಳಿಗಳಿಗೋಸ್ಕರ ಇಂಥದೊಂದು ಒಲೆಯನ್ನು ರೂಪಿಸಿದರು. ಅದರಲ್ಲಿ ಕಟ್ಟಿಗೆಯು ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ. ಕೆಳಗಿನಿಂದ ಗಾಳಿಯು ಸೇರುತ್ತದೆ. ಒಂದೇ ಬೆಂಕಿಯ ಕಾವು ಮೂರು ಪಾತ್ರೆಗಳ ಅಡಿಯಲ್ಲಿ ಹಾದು, ಹೊಗೆಯು ಗೊಳವೆಯಿಂದ ಹೊರಗೆ ಹೋಗುತ್ತದೆ. ಗೊಳವೆಯ ಮಸಿಯನ್ನು ಆಗಾಗ ತೆಗೆಯಬೇಕು. ಇಲ್ಲವಾದರೆ ಹೊಗೆಯು ಒಳಗೇ ತಿರುಗುವದು. ಕಟ್ಟಿಗೆಯು ಚೆನ್ನಾಗಿ ಒಣಗಿರಬೇಕು. ಯಾಕಂದರೆ ಹಸಿಕಟ್ಟಿಗೆಯು ಕಾವಿಗಿಂತ ಹೊಗೆಯನ್ನೇ ಹೆಚ್ಚು ಕೊಡುತ್ತದೆ.

3. ಬೆಳಕು ಮತ್ತು ಗಾಳಿ. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಆ ಹೆಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಮಳೆಯನ್ನು ತಡೆಯುತ್ತವೆ. ಆದರೂ ಅವುಗಳ ಸಂದಿನಿಂದ ಬಿಸಿಗಾಳಿಯು ಮೇಲಕ್ಕೆ ಹೋಗುತ್ತದೆ. ನಡುವೆ ಒಂದೆರಡು ಗಾಜಿನ ಹೆಂಚುಗಳನ್ನು ಹೊದಿಸಿದರೆ ಕತ್ತಲೆಯ ಕೋಣೆಯು ಹಗಲೆಲ್ಲಾ ಬೆಳಗುವದು. ಬಯಲುಸೀಮೆಯ ಮಣ್ಣಿನ ಮಾಳಿಗೆಗೆ ಬೆಳಕಿಂಡಿಯೇ ಈ ಕೆಲಸವನ್ನು ಮಾಡುತ್ತದೆ, ಅದನ್ನು ಮುಚ್ಚಿಬಿಡಬೇಡಿರಿ. ಕಿಟಕಿಯು ಒಂದೇ ಇದ್ದರೆ ಗಾಳಿಯು ಚೆನ್ನಾಗಿ ಆಡದು. ಅದಕ್ಕೆ ಎದುರಾಗಿ ಮತ್ತೊಂದು ಬೇಕು. ಗೋಡೆಗೆ ಸುಣ್ಣ ಬಳಿದರೆ ಇರುವ ಅಲ್ಪ ಬೆಳಕು ಕೋಣೆಯೆಲ್ಲಾ ಹರಡುವದು.

4. ಬೆಚ್ಚಗಿರುವದು. ಚಳಿಗಾಲದಲ್ಲಿ ಕದ ಕಿಟಕಿಗಳನ್ನು ಮುಚ್ಚಿ, ಇದ್ದಲಿನ ಅಗ್ಗಿಷ್ಟಿಕೆಯನ್ನು ಒಳಗಿಟ್ಟು ಮಲಗುವವರುಂಟು. ಇದು ಪ್ರಾಣಕ್ಕೆ ಅಪಾಯ. ಇದ್ದಲಿನಿಂದ ಹುಟ್ಟುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳದೆ ಹೋಗುವರು. ಆದಕಾರಣ ಬೆಂಕಿಯನ್ನು ಹೊರಗಿಟ್ಟು, ಹೊದಿಕೆಯನ್ನು ಹೆಚ್ಚಿಸಿರಿ. ನಮ್ಮ ಉತ್ತರದ ಸೀಮೆಯ ಹೆಂಗಸರು ಹಳೆಯ ಸೀರೆಗಳನ್ನು ಪದರುಪದರಾಗಿ ಸೇರಿಸಿ ಕೌದಿಯನ್ನು ಹೊಲಿಯುತ್ತಾರೆ. ಅಂಗಡಿಯ ಹೊದಿಕೆಯೂ ಬೆಚ್ಚಗಿರಬಹುದು. ಆದರೆ ಅಜ್ಜಿಯ ಸೀರೆಯ ತುಂಡು ಇದು, ಅತ್ತೆಯ ಮದುವೆಯ ಸೀರೆಯದು ಅದು ಎಂದು ಮಗುವು ಬೆರಳಿಟ್ಟು ತೋರಿಸುವದು ಕೌದಿಯಲ್ಲಿ ಮಾತ್ರ.

5. ಒಬ್ಬೊಬ್ಬರಿಗೂ ಒಂದು ಸ್ಥಳ. ಮನೆಯಲ್ಲಿ ತನ್ನದೆಂದು ಹೇಳಿಕೊಳ್ಳುವ ಸ್ಥಳವಿಲ್ಲದವನು ಆ ಮನೆಯಲ್ಲಿ ಬಿಡಾರದವನಂತೆ ಇರುವನು. ಶಾಲೆಗೆ ಹೋಗುವ ಮಗುವಿನ ಪುಸ್ತಕಗಳಿಗೆ ಗೋಡೆಯಲ್ಲಿ ಒಂದು ಗೂಡು, ಮುದುಕರಿಗೆ ಬಿಸಿಲು ಬೀಳುವ ಜಗಲಿಯ ಮೂಲೆ, ಹೊಸದಾಗಿ ಬಂದ ಸೊಸೆಯ ಪೆಟ್ಟಿಗೆಗೆ ಯಾರೂ ಕೈಯಿಡದ ಒಂದು ಎಡೆ. ಇವುಗಳಿಗೆ ಖರ್ಚು ಬಹು ಸ್ವಲ್ಪ. ಮನಸ್ಸು ಮಾತ್ರ ಬೇಕು.

ಮನೆಯ ಯಜಮಾನರೇ, ಸುಗ್ಗಿಯ ಹಣವು ಕೈಗೆ ಬಂದಾಗ ಪಡಸಾಲೆಗೆ ಏನು ತರಲಿ ಎಂದು ಯೋಚಿಸುವ ಮೊದಲು ಒಂದು ದಿನ ಅಡಿಗೆ ಮುಗಿಯುವ ತನಕ ಒಲೆಯ ಬಳಿಯಲ್ಲಿ ಕೂತುಕೊಳ್ಳಿರಿ. ಮೊದಲು ಯಾವದನ್ನು ಸರಿಮಾಡಬೇಕೆಂದು ನಿಮ್ಮ ಕಣ್ಣುಗಳೇ ನಿಮಗೆ ಹೇಳುವವು.

ಪ್ರಶ್ನೆಗಳು:
1. ಮನೆಯ ಹಿತವನ್ನು ಯಾವ ಸ್ಥಳದಿಂದ ಅಳೆಯಬೇಕು? ಯಾಕೆ?
2. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಬೆಂಕಿಯನ್ನು ಇಡುವದರಿಂದ ಏನಾಗುವದು?
3. ನಿಮ್ಮ ಮನೆಯಲ್ಲಿ ತನ್ನದೆಂಬ ಸ್ಥಳವಿಲ್ಲದವರು ಯಾರು?