ಪೆಂಡಾಲಿನ ಡೀಸೆಲ್ ಜನರೇಟರ್: ಮಾಡಬೇಕಾದ್ದು, ಮಾಡಬಾರದ್ದು

ಮದುವೆಮನೆ, ಜಾತ್ರೆ, ಗಣೇಶನ ಪೆಂಡಾಲು, ಆಟದ ರಂಗಸ್ಥಳ: ಎಲ್ಲೇ ಇರಲಿ, ಜನರೇಟರ್ ನೋಡಿಕೊಳ್ಳುವವರು ಇದನ್ನು ಓದಿದ ಮೇಲೆಯೇ ಹ್ಯಾಂಡಲ್ ಮುಟ್ಟಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ತುಂಬಿದ ಕೋಣೆಯಲ್ಲಿ ಮಲಗಿದವರು ಏಳುವುದಿಲ್ಲ. ಜನರೇಟರಿನ ಕರೆಂಟ್ ಸರ್ವಿಸ್ ಲೈನಿಗೆ ವಾಪಸ್ ಹರಿದರೆ ಟ್ರಾನ್ಸ್‌ಫಾರ್ಮರ್ ಅದನ್ನು 11,000 ವೋಲ್ಟಿಗೆ ಏರಿಸುತ್ತದೆ. ಲೈನ್ ಆಫ್ ಇದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಸಾಯುತ್ತಾನೆ.

ಮಾಡಬೇಕಾದ್ದು

*ಶುರು ಮಾಡುವ ಮುನ್ನ*

- ಬಯಲಲ್ಲಿ, ಗಟ್ಟಿಯಾದ ಸಮನೆಲದ ಮೇಲೆ ಇಡಿ.
- ಬಾಗಿಲು, ಕಿಟಕಿ, ಜನ ಮಲಗುವ ಜಾಗದಿಂದ ಕನಿಷ್ಠ 20 ಅಡಿ ದೂರವಿಡಿ.
- ಸೈಲೆನ್ಸರ್ ಬಾಯಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿ.
- ಮಳೆ ಬಂದರೆ ಮೇಲೆ ತಗಡು ಕಟ್ಟಿ, ನಾಲ್ಕೂ ಬದಿ ತೆರೆದೇ ಬಿಡಿ.
- ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಹಾಕಿ ತೆಗೆದು ಮಟ್ಟ ನೋಡಿ.
- ಅರ್ತ್ ರಾಡನ್ನು ತೇವದ ಮಣ್ಣಿಗೆ ಹೊಡೆದು ವೈರ್ ಬಿಗಿಯಿರಿ.
- ಕಟ್ಟಡದ ವೈರಿಂಗಿಗೆ ಚೇಂಜ್‌ಓವರ್ ಸ್ವಿಚ್ ಮೂಲಕವೇ ಕರೆಂಟ್ ಕೊಡಿ. ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ.
- ಪೌಡರ್ ಅಗ್ನಿಶಾಮಕ, ಒಣ ಮರಳಿನ ಬಕೆಟ್ ಪಕ್ಕದಲ್ಲಿರಲಿ.
- ಲೋಡ್ ಲೆಕ್ಕ ಹಾಕಿ: 5 ಕೆವಿಎ ಎಂದರೆ ಸುಮಾರು 4 ಕಿಲೋವ್ಯಾಟ್, ಅಷ್ಟೇ.
- ಮೋಟಾರನ್ನು ಮೊದಲು, ದೀಪಗಳನ್ನು ಆಮೇಲೆ ಹಾಕಿ. ಶುರುವಾಗುವಾಗ ಮೋಟಾರ್ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ.
- ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತ ಬಳಸದೆ, ಉಳಿದ ಬೆರಳುಗಳ ಬದಿಗೇ ಇಡಿ. ಹ್ಯಾಂಡಲ್ ತಿರುಗಿ ಹೊಡೆದರೆ ಮೊದಲು ಮುರಿಯುವುದು ಹೆಬ್ಬೆರಳು.
- ನಿಲ್ಲಿಸುವಾಗ ಲೋಡ್ ತೆಗೆದು, 3ರಿಂದ 5 ನಿಮಿಷ ಖಾಲಿ ಓಡಿಸಿ, ಆಮೇಲೆ ನಿಲ್ಲಿಸಿ.

*ಏರ್ ಹಿಡಿದಾಗ*

ಡೀಸೆಲ್ ಪೂರ್ತಿ ಮುಗಿದು ನಿಂತ ಎಂಜಿನ್ ಟ್ಯಾಂಕ್ ತುಂಬಿಸಿದ ಮಾತ್ರಕ್ಕೆ ಏಳದು. ಪೈಪಿನೊಳಗೆ ಗಾಳಿ ಸೇರಿರುತ್ತದೆ. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಇದನ್ನೇ ನೋಡಿ.

- ಡೀಸೆಲ್ ಕಾಕ್ ತೆರೆದಿದೆಯೇ ನೋಡಿ.
- ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಕೆಳಗೆ ಬಟ್ಟೆ ಹಿಡಿಯಿರಿ.
- ಫೀಡ್ ಪಂಪಿನ ಲಿವರ್ ಇದ್ದರೆ ಕೈಯಿಂದ ಒತ್ತಿ.
- ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ. ಗುಳ್ಳೆಯಿಲ್ಲದ ಡೀಸೆಲ್ ಹರಿಯುವವರೆಗೂ ಕಾಯಿರಿ.
- ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ.
- ಆಗಲೂ ಏಳದಿದ್ದರೆ ಇಂಜೆಕ್ಟರ್ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ, ಮುಖ ದೂರವಿಟ್ಟು ಎಂಜಿನ್ ತಿರುಗಿಸಿ. ಡೀಸೆಲ್ ಜಿನುಗಿದೊಡನೆ ತಿರುಗಿಸುವುದು ನಿಲ್ಲಿಸಿ, ನಟ್ ಬಿಗಿಯಿರಿ.
- ಚೆಲ್ಲಿದ್ದನ್ನೆಲ್ಲ ಒರೆಸಿದ ಮೇಲೆಯೇ ಸ್ಟಾರ್ಟ್ ಮಾಡಿ.

*ಹೊಗೆ, ಸದ್ದು*

- ಕಪ್ಪು ಹೊಗೆ: ಲೋಡ್ ಇಳಿಸಿ, ಏರ್ ಫಿಲ್ಟರ್ ಬಿಚ್ಚಿ ನೋಡಿ.
- ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ: ಫಿಲ್ಟರ್ ತಳದಲ್ಲಿ ಸೇರಿದ ನೀರು ಬಿಡಿ.
- ನೀಲಿ ಹೊಗೆ: ಆಯಿಲ್ ಹೆಚ್ಚಾಗಿದ್ದರೆ ಇಳಿಸಿ. ಮಟ್ಟ ಸರಿಯಿದ್ದರೆ ಮೆಕ್ಯಾನಿಕ್‌ಗೆ ಕೊಡಿ.
- ವೇಗ ತಾನಾಗಿಯೇ ಏರಿದರೆ: ಜನರನ್ನು ದೂರ ಕಳಿಸಿ, ಡೀಸೆಲ್ ಮುಚ್ಚಿ. ನಿಲ್ಲದಿದ್ದರೆ ಗಾಳಿ ಎಳೆಯುವ ಬಾಯಿಗೆ ಹಲಗೆ ಒತ್ತಿ.

ಓಡಿದ ಗಂಟೆಗಳನ್ನು ಪುಸ್ತಕದಲ್ಲಿ ಬರೆಯಿರಿ. ಹಲವು ಸಣ್ಣ ಏರ್‌ಕೂಲ್ಡ್ ಎಂಜಿನ್‌ಗಳಿಗೆ 100 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ನಿಮ್ಮ ಎಂಜಿನ್ನಿನ ಪುಸ್ತಕ ಬೇರೆ ಹೇಳಿದರೆ ಅದನ್ನೇ ಪಾಲಿಸಿ.

ಮಾಡಬಾರದ್ದು

- ಕೋಣೆ, ಶೆಡ್, ನೆಲಮಾಳಿಗೆಯಲ್ಲಿ ಓಡಿಸಬಾರದು. ಕಿಟಕಿ ತೆರೆದಿದ್ದರೂ ಬೇಡ.
- ಜನರೇಟರ್ ಓಡುತ್ತಿರುವ ವ್ಯಾನಿನಲ್ಲಿ ಮಲಗಬಾರದು. ಚಳಿಯಿದ್ದರೂ ಬೇಡ, ಮಳೆಯಿದ್ದರೂ ಬೇಡ.
- ಎರಡೂ ತುದಿಗೆ ಪಿನ್ ಹಾಕಿದ ವೈರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಬಾರದು. ಮೇನ್ ಆಫ್ ಮಾಡಿದ್ದೇವೆ ಎಂಬ ಧೈರ್ಯ ಬೇಡ: ಕತ್ತಲಲ್ಲಿ ಇನ್ನೊಬ್ಬರು ಬಂದು ಅದನ್ನು ಆನ್ ಮಾಡುತ್ತಾರೆ.
- ಓಡುವಾಗ, ಬಿಸಿಯಿರುವಾಗ ಡೀಸೆಲ್ ಹಾಕಬಾರದು. ಕಾರ್ಯಕ್ರಮ ನಿಂತರೆ ನಿಲ್ಲಲಿ.
- ಟ್ಯಾಂಕ್ ನೋಡಲು ಬೆಂಕಿಕಡ್ಡಿ ಗೀರುವುದು ಬೇಡ. ಪಕ್ಕದಲ್ಲಿ ಬೀಡಿಯೂ ಬೇಡ.
- ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಬಾರದು. ಇಂಜೆಕ್ಷನ್ ಪಂಪಿಗೆ ಜಿಡ್ಡು ಸಿಗುವುದು ಡೀಸೆಲ್‌ನಿಂದಲೇ.
- ಬೆಳಕು ಮಂಕಾಯಿತೆಂದು ಗವರ್ನರ್ ಸ್ಕ್ರೂ ತಿರುಗಿಸಬಾರದು.
- ಇಂಜೆಕ್ಟರ್ ಸಿಡಿಸುವ ಡೀಸೆಲ್ಲಿಗೆ ಬೆರಳು ಒಡ್ಡಬಾರದು. ಅದು ಚರ್ಮ ತೂರಿ ಒಳಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಒಳಗೆ ಬೆರಳೇ ಕೊಳೆಯಬಹುದು. ನೋವಿಲ್ಲವೆಂದು ಕಾಯುವುದು ಬೇಡ, ಕೂಡಲೇ ಆಸ್ಪತ್ರೆಗೆ ಹೋಗಿ.
- ಸೆರಗು, ಶಾಲು, ಇಳಿಬಿಟ್ಟ ಪಂಚೆಯಲ್ಲಿ ಫ್ಲೈವೀಲ್ ಹತ್ತಿರ ಹೋಗಬಾರದು.
- ನಾಲ್ಕು ಬಲ್ಬಿಗಾಗಿ ದೊಡ್ಡ ಜನರೇಟರನ್ನು ರಾತ್ರಿಯಿಡೀ ಓಡಿಸುವುದು ಬೇಡ. ಉರಿಯದ ಡೀಸೆಲ್ ಸೈಲೆನ್ಸರಿನಲ್ಲಿ ಕಟ್ಟಿಕೊಳ್ಳುತ್ತದೆ.
- ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬಾರದು.
- ಡೀಸೆಲ್ ಬೆಂಕಿಗೆ ನೀರು ಹಾಕಬಾರದು.
- ಹಳೆ ಆಯಿಲ್ ಚರಂಡಿಗೆ, ಕೆರೆಗೆ ಸುರಿಯಬಾರದು.
- ಮಕ್ಕಳನ್ನು ಹತ್ತಿರ ಬಿಡಬಾರದು.

ಏನಾದರೂ ಆದರೆ

- ತಲೆನೋವು, ವಾಂತಿ, ತಲೆಸುತ್ತು ಬಂದರೆ ಎಲ್ಲರನ್ನೂ ಬಯಲಿಗೆ ಕರೆತನ್ನಿ, ಎಂಜಿನ್ ನಿಲ್ಲಿಸಿ, 108ಕ್ಕೆ ಫೋನ್ ಮಾಡಿ.
- ಶಾಕ್ ಹೊಡೆದವರನ್ನು ಮುಟ್ಟಬಾರದು. ಮೊದಲು ಜನರೇಟರ್ ನಿಲ್ಲಿಸಿ.
- ಬೆಂಕಿ ಹಿಡಿದರೆ 112.
- ತಂತಿ ಕಡಿದು ಬಿದ್ದರೆ ಯಾರನ್ನೂ ಹತ್ತಿರ ಬಿಡದೆ 1912.